ಬೀಜವೊಂದೇ, ಬೆಳೆ ಬೇರೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕೊಟ್ಟ ಮಾತಿಗೆ ತಪ್ಪಬಾರದೆಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದವರು ನಾವು. ತಪ್ಪು ಕಂಡಾಗ ತಿದ್ದಬೇಕೆಂಬುದೂ ನಮಗೆ ಗೊತ್ತು. ಈ ಎರಡು ನೀತಿಗಳು ಬೇರೆಬೇರೆಯಾಗಿ ನಿಂತಿರುವವರೆಗೆ ಯಾರಿಗೂ ತೊಂದರೆಯಿಲ್ಲ. ಆದರೆ ಕೊಟ್ಟ ಮಾತಿನಲ್ಲಿಯೇ ದೋಷವಿದ್ದು, ಅದನ್ನು ನಂಬಿ ಸಾವಿರಾರು ಜನ ತಮ್ಮ ಕೆಲಸವನ್ನು ಕಟ್ಟಿಕೊಂಡಿದ್ದರೆ ಆಗ ಏನು ಮಾಡುವುದು? ಮಾತನ್ನು ಉಳಿಸಿಕೊಳ್ಳಬೇಕೆ, ದೋಷವನ್ನು ತಿದ್ದಬೇಕೆ? ಈ ಧರ್ಮಸಂಕಟ ಈಚಿನ ವರ್ಷಗಳಲ್ಲಿ ನಾವು ಎಣಿಸದಿದ್ದ ಒಂದು ಸ್ಥಳದಲ್ಲಿ ತಲೆಯೆತ್ತಿದೆ. ಕಂಪ್ಯೂಟರಿಗೆ ಅಪ್ಪಣೆಗಳನ್ನು ಬರೆಯುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ, ಅದರಲ್ಲೂ ಆ ಭಾಷೆಗಳು ಯಾದೃಚ್ಛಿಕ ಸಂಖ್ಯೆಗಳನ್ನು ಒದಗಿಸುವ ವಿಭಾಗದಲ್ಲಿ, ಈ ಚರ್ಚೆ ಬಹಳ ಗಂಭೀರವಾಗಿ ನಡೆದಿದೆ. ಆ ಚರ್ಚೆಯನ್ನು ವಾಚಕರ ಮುಂದಿಟ್ಟು ನನ್ನ ಅಭಿಪ್ರಾಯವನ್ನೂ ಹೇಳುವುದು ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಂಪ್ಯೂಟರಿನ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ವಿಷಯ ನಮ್ಮದೇ. ಅರ್ಥಶಾಸ್ತ್ರದ ವಿದ್ಯಾರ್ಥಿ ಒಂದು ತಾಲ್ಲೂಕಿನ 120 ಹಳ್ಳಿಗಳಲ್ಲಿ 12ನ್ನು ಆರಿಸಿ ರೈತರ ಸಾಲದ ಲೆಕ್ಕ ಕೇಳಲು ಹೊರಟಾಗ, ಸಮಾಜಶಾಸ್ತ್ರದ ವಿದ್ಯಾರ್ಥಿ ಮತದಾರರ ಪಟ್ಟಿಯಿಂದ 200 ಹೆಸರುಗಳನ್ನು ತೆಗೆಯುವಾಗ, ಪ್ರತಿಯೊಂದು ಹಳ್ಳಿಗೂ ಪ್ರತಿಯೊಂದು ಹೆಸರಿಗೂ ಸಮಾನವಾದ ಅವಕಾಶವಿರಬೇಕು. ಬಸ್ಸು ಹೋಗುವ ರಸ್ತೆಯ ಪಕ್ಕದ ಹಳ್ಳಿಗಳನ್ನೇ ಆರಿಸಿಕೊಂಡರೆ ಕಾಲಿಗೆ ಸುಖ, ಸತ್ಯಕ್ಕೆ ದುಃಖ. ಆದುದರಿಂದ ಚೀಟಿ ಎತ್ತಬೇಕು. ಇಂದು ಆ ಚೀಟಿಯನ್ನು ಎತ್ತಿಕೊಡುವುದು ಕಂಪ್ಯೂಟರು.

ಕಂಪ್ಯೂಟರಿಗಿಂತ ಮೊದಲು ಈ ಕೆಲಸಕ್ಕೆ ಪುಸ್ತಕಗಳೇ ಇದ್ದವು. 1927ರಲ್ಲಿ ಟಿಪ್ಪೆಟ್ ಎಂಬ ಆಂಗ್ಲ ಸಂಖ್ಯಾಶಾಸ್ತ್ರಜ್ಞರು ಜನಗಣತಿಯ ವರದಿಗಳಿಂದ ಅಂಕಿಗಳನ್ನು ಹೆಕ್ಕಿ 41,600 ಅಂಕಿಗಳ ಕೋಷ್ಟಕವೊಂದನ್ನು ಪ್ರಕಟಿಸಿದರು. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯವರು ಹತ್ತು ಲಕ್ಷ ಯಾದೃಚ್ಛಿಕ ಅಂಕಿಗಳ ದಪ್ಪ ಗ್ರಂಥವನ್ನೇ ಹೊರತಂದರು. ಓದಲು ಕಥೆಯಿಲ್ಲ, ಬಾಯಿಪಾಠ ಮಾಡಲು ಸೂತ್ರವಿಲ್ಲ. ಆದರೂ ಅದು ಬಹು ಉಪಯುಕ್ತವಾದ ಗ್ರಂಥವಾಗಿತ್ತು. ಇಂತಹ ಪುಸ್ತಕದಲ್ಲಿ ಒಂದು ದೊಡ್ಡ ಗುಣವಿತ್ತು. ‘ಇಂಥ ಪುಟದ ಇಂಥ ಸಾಲಿನಿಂದ ಆರಂಭಿಸಿದೆ’ ಎಂದು ಬರೆದಿಟ್ಟರೆ, ಯಾರು ಬೇಕಾದರೂ ಪುಟ ತೆರೆದು ನೋಡಿ, ಚೀಟಿ ಎತ್ತಿದುದರಲ್ಲಿ ಕೈಚಳಕವಿಲ್ಲವೆಂದು ಖಚಿತಮಾಡಿಕೊಳ್ಳಬಹುದಾಗಿತ್ತು.

ಕಂಪ್ಯೂಟರಿನ ರೀತಿ ಬೇರೆ. ಅದು ಗುಣಾಕಾರ, ಸಂಕಲನ ಮುಂತಾದ ಲೆಕ್ಕಗಳಿಂದಲೇ ಸಂಖ್ಯೆಗಳನ್ನು ಹುಟ್ಟಿಸುತ್ತದೆ. ಆರಂಭಕ್ಕೆ ಒಂದು ಸಂಖ್ಯೆಯನ್ನು ಕೊಡಬೇಕು. ಅದಕ್ಕೆ ‘ಬೀಜ’ವೆಂದು ಹೆಸರು. ಬೀಜದಿಂದ ಮೊದಲನೆಯ ಸಂಖ್ಯೆ, ಅದರಿಂದ ಎರಡನೆಯದು, ಹೀಗೆ ಸಾಲು ಬೆಳೆಯುತ್ತದೆ. ನೋಡುವವರಿಗೆ ಅದರಲ್ಲಿ ಯಾವ ಕ್ರಮವೂ ಕಾಣದು. ಆದರೆ ಅದೇ ಬೀಜವನ್ನು ಮತ್ತೆ ಬಿತ್ತಿದರೆ ಅದೇ ಸಾಲು ಮತ್ತೆ ಬರುತ್ತದೆ. ಶಕುನಿಯ ದಾಳಗಳು ನೋಡಲು ದಾಳಗಳೇ. ಬೀಳುತ್ತಿದ್ದುದು ಮಾತ್ರ ಶಕುನಿ ಹೇಳಿದಂತೆ. ಕಂಪ್ಯೂಟರಿನ ದಾಳಗಳೂ ಇದೇ ಜಾತಿಯವು. ಶಕುನಿ ಅದನ್ನು ವಂಚನೆಗೆ ಬಳಸಿದ, ನಾವು ಪರಿಶೀಲನೆಗೆ ಬಳಸುತ್ತೇವೆ, ಇಷ್ಟೇ ಭೇದ. ಪ್ರಬಂಧದಲ್ಲಿ ಬೀಜವನ್ನು ಬರೆದಿಟ್ಟರೆ ಪರೀಕ್ಷಕರು ತಮ್ಮ ಮನೆಯಲ್ಲಿಯೇ ಕುಳಿತು ಅದೇ 12 ಹಳ್ಳಿಗಳು ಬರುತ್ತವೆಯೇ ಎಂದು ನೋಡಬಹುದು. ಹಳೆಯ ಪುಸ್ತಕದ ಪುಟ ಮತ್ತು ಸಾಲುಗಳ ಸ್ಥಾನದಲ್ಲಿ ಈಗ ಬೀಜವಿದೆ.

ಇಲ್ಲಿಯೇ ತೊಡಕು ಹುಟ್ಟುವುದು. ಪುಸ್ತಕ ಒಮ್ಮೆ ಅಚ್ಚಾದ ಮೇಲೆ ಬದಲಾಗದು. ಪ್ರೋಗ್ರಾಮಿಂಗ್ ಭಾಷೆ ಬದಲಾಗುತ್ತಲೇ ಇರುತ್ತದೆ. ಸಂಖ್ಯೆ ಹುಟ್ಟಿಸುವ ಕ್ರಮವನ್ನು ಅದರ ಕರ್ತೃಗಳು ಒಂದು ಕೂದಲೆಳೆಯಷ್ಟು ತಿದ್ದಿದರೂ, ಬೀಜವೊಂದೇ ಇದ್ದು ಬೆಳೆ ಬೇರೆಯಾಗುತ್ತದೆ.

ಹಾಗಾದರೆ ತಿದ್ದದೆ ಬಿಟ್ಟುಬಿಡಬಹುದಲ್ಲ ಎಂದರೆ, ಅದೂ ಕ್ಷೇಮವಲ್ಲ. 1960ರ ದಶಕದಲ್ಲಿ ಐಬಿಎಂ ಕಂಪೆನಿಯ ಯಂತ್ರಗಳ ಜೊತೆಗೆ ‘ರ‍್ಯಾಂಡು’ ಎಂಬ ಕ್ರಮವೊಂದು ಬರುತ್ತಿತ್ತು. ಹಿಂದಿನ ಸಂಖ್ಯೆಯನ್ನು 65,539ರಿಂದ ಗುಣಿಸಿ, ನಿಗದಿಯಾದ ಒಂದು ದೊಡ್ಡ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ತೆಗೆದುಕೊಳ್ಳುವುದೇ ಅದರ ವಿಧಾನ. ಬಿಡಿಬಿಡಿಯಾಗಿ ನೋಡಿದರೆ ಸಂಖ್ಯೆಗಳು ಚೆನ್ನಾಗಿಯೇ ಚದುರಿದಂತೆ ಕಾಣುತ್ತಿದ್ದವು. ಮೂರುಮೂರನ್ನು ಒಟ್ಟುಗೂಡಿಸಿ, ಉದ್ದ ಅಗಲ ಎತ್ತರಗಳೆಂದು ಭಾವಿಸಿ, ಒಂದು ಪೆಟ್ಟಿಗೆಯೊಳಗೆ ಚುಕ್ಕಿಗಳನ್ನಿಟ್ಟರೆ ಮಾತ್ರ ಬಣ್ಣ ಬಯಲಾಗುತ್ತಿತ್ತು. ಪೆಟ್ಟಿಗೆಯ ತುಂಬ ಹರಡಬೇಕಾಗಿದ್ದ ಚುಕ್ಕಿಗಳೆಲ್ಲವೂ ಕೇವಲ 15 ಸಮತಲಗಳ ಮೇಲೆ, ಪುಸ್ತಕದ ಹಾಳೆಗಳಂತೆ, ಸಾಲಾಗಿ ಕುಳಿತಿರುತ್ತಿದ್ದವು! ಈ ಬಗೆಯ ಗುಣಾಕಾರದ ಕ್ರಮಗಳಿಗೆಲ್ಲ ಇಂತಹ ದೋಷವಿರುವುದನ್ನು 1968ರಲ್ಲಿ ಜಾರ್ಜ್ ಮಾರ್ಸಾಗ್ಲಿಯಾ ಎಂಬ ಗಣಿತಜ್ಞರು ತೋರಿಸಿಕೊಟ್ಟರು. ಇಂತಹ ಕ್ರಮವನ್ನು ‘ಬಹುಕಾಲದಿಂದ ಬಂದದ್ದು’ ಎಂಬ ಒಂದೇ ಕಾರಣದಿಂದ ಉಳಿಸಿಕೊಳ್ಳುವುದು, ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಂಡಂತೆಯೇ ಸರಿ.

ಬದಲಾವಣೆ ಬೇಕು, ಆದರೆ ಹೇಗೆ ಎಂಬ ಪ್ರಶ್ನೆಗೆ ಈಚೆಗೆ ಎರಡು ಬಗೆಯ ಉತ್ತರಗಳು ದೊರೆತಿವೆ. ಮೊದಲನೆಯದು ಸಂಖ್ಯಾಶಾಸ್ತ್ರದವರಿಗೆ ಪ್ರಿಯವಾದ ‘ಆರ್’ ಭಾಷೆಯದು. ಪಟ್ಟಿಯೊಂದರಿಂದ ಚೀಟಿ ಎತ್ತಲು ಅದರಲ್ಲಿ ‘ಸ್ಯಾಂಪಲ್’ ಎಂಬ ಅಪ್ಪಣೆಯಿದೆ. ಯಂತ್ರದೊಳಗೆ ಹುಟ್ಟುವ ಸುಮಾರು 429 ಕೋಟಿ ಬಗೆಯ ಬೆಲೆಗಳನ್ನು ಪಟ್ಟಿಯ ಹೆಸರುಗಳಿಗೆ ಹಂಚುವುದೇ ಅದರ ಕೆಲಸ. ಹಂಚಿಕೆ ಸಮವಾಗದಿದ್ದರೆ? ಐದು ಮಾವಿನ ಹಣ್ಣುಗಳನ್ನು ಕೊಯ್ಯದೆ ಇಬ್ಬರು ಮಕ್ಕಳಿಗೆ ಹಂಚಿದರೆ ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಎರಡು ಬರುತ್ತವೆ. ಇಲ್ಲಿಯೂ ಹಾಗೆಯೇ. ಪಟ್ಟಿಯ ಉದ್ದ ಆ 429 ಕೋಟಿಯ ಐದರಲ್ಲಿ ಎರಡು ಪಾಲಿನಷ್ಟಿದ್ದಾಗ, ಬೆಸ ಸಂಖ್ಯೆಯ ಹೆಸರುಗಳಿಗೆ ಮೂರು ಪಾಲು, ಸಮ ಸಂಖ್ಯೆಯವಕ್ಕೆ ಎರಡು ಪಾಲು ಬೀಳುತ್ತಿತ್ತು. ಅಂದರೆ ನೂರು ಚೀಟಿಗಳಲ್ಲಿ ಸುಮಾರು 60 ಬೆಸ, 40 ಸಮ! ಪಟ್ಟಿ ಚಿಕ್ಕದಾದರೆ ಈ ಅನ್ಯಾಯ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಎಲ್ಲರಿಗೂ ಸಮಾನಾವಕಾಶವೆಂದು ಸಾರುವ ಅಪ್ಪಣೆಯಲ್ಲಿ ಅದು ಇದ್ದೇ ಇತ್ತು.

2019ರ ಏಪ್ರಿಲಿನಲ್ಲಿ ಬಂದ 3.6.0 ಎಂಬ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಹೊಸ ಕ್ರಮದಲ್ಲಿ, ಎತ್ತಿದ ಸಂಖ್ಯೆ ಪಟ್ಟಿಯ ಹೊರಗಿನದಾದರೆ ಅದನ್ನು ಬಿಸುಟು ಮತ್ತೊಮ್ಮೆ ಎತ್ತುತ್ತಾರೆ. ಹೀಗಾಗಿ ಯಾರಿಗೂ ಹೆಚ್ಚಿನ ಪಾಲು ಇಲ್ಲ. ಅಪ್ಪಣೆಯ ಹೆಸರು ಮಾತ್ರ ಹಳೆಯದೇ ಉಳಿಯಿತು. ಪರಿಣಾಮವಾಗಿ, 2018ರಲ್ಲಿ ಒಬ್ಬ ವಿದ್ಯಾರ್ಥಿ ಬರೆದಿಟ್ಟ ಬೀಜವನ್ನು 2020ರಲ್ಲಿ ಹೊಸ ಆವೃತ್ತಿಯುಳ್ಳ ಯಂತ್ರದಲ್ಲಿ ಬಿತ್ತಿದರೆ ಬೇರೆಯೇ 12 ಹಳ್ಳಿಗಳು ಬರುತ್ತವೆ. ಪಠ್ಯಪುಸ್ತಕಗಳಲ್ಲಿ ಅಚ್ಚಾದ ಉತ್ತರಗಳೂ ವಿದ್ಯಾರ್ಥಿಗಳ ತೆರೆಯ ಮೇಲಿನ ಉತ್ತರಗಳೂ ಹೊಂದದೆ ಹೋದವು. ತಮಾಷೆಯೆಂದರೆ, 120 ಹಳ್ಳಿಗಳ ಪಟ್ಟಿಯಲ್ಲಿ ಹಳೆಯ ದೋಷದಿಂದ ಯಾವ ಹಾನಿಯೂ ಆಗುತ್ತಿರಲಿಲ್ಲ. ರೋಗವಿಲ್ಲದವನೂ ಕಹಿ ಔಷಧ ಕುಡಿಯಬೇಕಾಯಿತು. ಆದರೂ ಆ ಕರ್ತೃಗಳು ಒಂದು ಸೌಜನ್ಯವನ್ನು ತೋರಿದರು. ಹಳೆಯ ಕ್ರಮ ಬೇಕಾದವರು ಅದನ್ನು ಹೆಸರಿಸಿ ಕೇಳಿದರೆ ಈಗಲೂ ದೊರೆಯುತ್ತದೆ. ಅದು ಸಮವಾಗಿ ಹಂಚುವುದಿಲ್ಲವೆಂಬ ಎಚ್ಚರಿಕೆಯ ಮಾತೂ ಜೊತೆಗೆ ಬರುತ್ತದೆ.

ಎರಡನೆಯ ಉತ್ತರ ಗೂಗಲ್ ಕಂಪೆನಿಯಲ್ಲಿ ಹುಟ್ಟಿದ ‘ಗೋ’ ಭಾಷೆಯದು. 2012ರಲ್ಲಿ ಅದರ ಒಂದನೆಯ ಆವೃತ್ತಿ ಹೊರಬಂದಾಗ, ಇಂದು ಬರೆದ ಪ್ರೋಗ್ರಾಮು ನಾಳೆಯೂ ನಡೆಯುವುದೆಂದು ಕರ್ತೃಗಳು ಭಾಷೆ ಕೊಟ್ಟರು. ಅದರ ‘ಮ್ಯಾಥ್ ರ‍್ಯಾಂಡ್’ ಎಂಬ ಭಾಗದಲ್ಲಿ ಬೀಜ 1ನ್ನು ಬಿತ್ತಿ ನೂರರೊಳಗಿನ ಸಂಖ್ಯೆಗಳನ್ನು ಕೇಳಿದರೆ 81, 87, 47 ಎಂದು ಸಾಲು ಆರಂಭವಾಗುತ್ತದೆ. ಬೀಜವನ್ನು ಬಿತ್ತಲು ಮರೆತವರಿಗೂ ಈ 1ನೆಯ ಬೀಜವೇ ಸಿಗುತ್ತಿದ್ದುದರಿಂದ, ಪ್ರತಿ ದಿನವೂ ಪ್ರತಿ ಯಂತ್ರದಲ್ಲಿಯೂ ಅವರ ‘ಅದೃಷ್ಟ’ 81ರಿಂದಲೇ ಆರಂಭವಾಗುತ್ತಿತ್ತು! ದೋಷಗಳು ಇನ್ನೂ ಇದ್ದವು. ಎಷ್ಟು ದೊಡ್ಡ ಬೀಜ ಕೊಟ್ಟರೂ ಒಳಗೆ ಅದು ಕುಗ್ಗಿ, ಸುಮಾರು 214 ಕೋಟಿ ಬಗೆಯ ಬೆಳೆಗಳಿಗಿಂತ ಹೆಚ್ಚು ಬರುತ್ತಿರಲಿಲ್ಲ. ಇದೇನು ಕಡಿಮೆಯೇ ಎನ್ನಬೇಡಿ. 52 ಇಸ್ಪೀಟು ಎಲೆಗಳನ್ನು ಕಲಸಬಹುದಾದ ಬಗೆಗಳ ಸಂಖ್ಯೆಯನ್ನು ಬರೆಯಲು 68 ಅಂಕಿಗಳು ಬೇಕು. ಸಾಲದುದಕ್ಕೆ ‘ರೀಡ್’ ಎಂಬ ಅಪ್ಪಣೆಯೊಂದು ಇಲ್ಲಿಯೂ ಇತ್ತು, ಗುಪ್ತ ಸಂಕೇತಗಳಿಗೆಂದೇ ಇರುವ ಬೇರೆ ಭಾಗದಲ್ಲಿಯೂ ಇತ್ತು. ಹೆಸರು ಒಂದೇ ಆದುದರಿಂದ ಪ್ರೋಗ್ರಾಮು ಬರೆಯುವವನು ಅದರ ಬದಲು ಇದನ್ನು ಹಿಡಿದುಕೊಂಡರೆ, ಬೀಗದ ಕೈ ಕಳ್ಳನಿಗೂ ಊಹಿಸಲು ಬರುವಂತಾಗುತ್ತಿತ್ತು.

ಗೋ ಭಾಷೆಯವರು ಇದನ್ನು ಹಂತಹಂತವಾಗಿ ತಿದ್ದಿದ ಬಗೆ ಗಮನಾರ್ಹ. 2023ರ ಫೆಬ್ರವರಿಯ ಆವೃತ್ತಿಯಲ್ಲಿ, ಬೀಜ ಬಿತ್ತದವರಿಗೆ ಯಂತ್ರವೇ ಪ್ರತಿ ಸಲವೂ ಹೊಸ ಬೀಜವನ್ನು ಆರಿಸಿಕೊಡುವಂತೆ ಮಾಡಿ, ಹಳೆಯ ನಡತೆಯೇ ಬೇಕೆನ್ನುವವರಿಗೆ ಒಂದು ಗುಂಡಿಯನ್ನು ಉಳಿಸಿದರು. 2024ರ ಫೆಬ್ರವರಿಯಲ್ಲಿ ‘ಮ್ಯಾಥ್ ರ‍್ಯಾಂಡ್ ವಿ2’ ಎಂಬ ಹೊಸ ಭಾಗವನ್ನೇ ಹಳೆಯದರ ಪಕ್ಕದಲ್ಲಿ ಕಟ್ಟಿದರು. ಅಪಾಯಕಾರಿಯಾದ ‘ರೀಡ್’ ಅದರಲ್ಲಿಲ್ಲ. ಸಂಖ್ಯೆ ಹುಟ್ಟಿಸುವ ಕ್ರಮಗಳಿಗೆ ಪಿಸಿಜಿ, ಚಾಚಾ8 ಎಂದು ಅವುಗಳ ಸ್ವಂತ ಹೆಸರುಗಳನ್ನೇ ಇಟ್ಟಿದ್ದಾರೆ. ನಾಳೆ ಇವುಗಳಿಗಿಂತ ಉತ್ತಮವಾದ ಕ್ರಮ ಬಂದರೆ ಅದಕ್ಕೆ ಬೇರೊಂದು ಹೆಸರನ್ನಿಟ್ಟರಾಯಿತು. ಇವುಗಳ ಸಾಲು ಕೆಡಬೇಕಾಗಿಲ್ಲ. ಹಳೆಯ ಮನೆಯನ್ನು ಅವರು ಕೆಡವಲೂ ಇಲ್ಲ. ಅಲ್ಲಿ ಬೀಜ 1ನ್ನು ಬಿತ್ತುವವನಿಗೆ ಅದೇ 81, 87, 47 ದೊರೆಯುತ್ತದೆ.

ವಿಜ್ಞಾನಿಗಳು ಬಳಸುವ ಪೈಥಾನ್ ಭಾಷೆಯ ‘ನಂಪೈ’ ಎಂಬ ಸಾಧನದವರೂ 2019ರಲ್ಲಿ ಇದೇ ಹಾದಿ ಹಿಡಿದರು. ಹಳೆಯದನ್ನು ಇದ್ದಂತೆಯೇ ಮುದ್ರೆಯೊತ್ತಿ ಬಿಟ್ಟು, ಹೊಸ ಹೆಸರಿನಲ್ಲಿ ಹೊಸದನ್ನು ಕೊಟ್ಟರು. ಹೊಸದರಲ್ಲಿ ಬೆಳೆ ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಆಗಿರುವುದೆಂಬ ಭರವಸೆಯನ್ನು ಮಾತ್ರ ಕೊಡಲಿಲ್ಲ. ಇದನ್ನು ಕೇಳಿ ಕೆಲವರಿಗೆ ಬೇಸರವಾದೀತು. ನನಗಾದರೋ, ನಡೆಸಲಾಗದ ದೊಡ್ಡ ಮಾತಿಗಿಂತ ನಡೆಸಬಲ್ಲ ಚಿಕ್ಕ ಮಾತು ಮೇಲೆಂದು ತೋರುತ್ತದೆ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಈ ಎರಡು ದಾರಿಗಳಲ್ಲಿ ಒಂದೇ ಸರಿ, ಇನ್ನೊಂದು ತಪ್ಪು ಎಂದು ಹೇಳುವುದು ದುಡುಕು. ದೋಷದ ಸ್ವಭಾವವನ್ನು ನೋಡಿ ದಾರಿಯನ್ನು ಆರಿಸಬೇಕು. ದೋಷವು ಸುಳ್ಳಿನ ರೂಪದ್ದಾದರೆ, ಎಂದರೆ ಸಮಾನಾವಕಾಶವೆಂದು ಹೇಳಿ ಅಸಮಾನವಾಗಿ ಹಂಚುವಂತಹುದಾದರೆ, ಹಳೆಯ ಹೆಸರಿನಲ್ಲಿಯೇ ಅದನ್ನು ತಿದ್ದಬೇಕು. ಏಕೆಂದರೆ ಇಂತಹ ದೋಷದಿಂದ ಕೆಟ್ಟವನಿಗೆ ತಾನು ಕೆಟ್ಟಿರುವುದೇ ತಿಳಿಯದು. ಹೊಸ ಹೆಸರಿನ ಔಷಧವನ್ನು ಅವನು ಹುಡುಕಿಕೊಂಡು ಹೋಗುವುದೂ ಇಲ್ಲ. ಆರ್ ಭಾಷೆಯವರು ಮಾಡಿದ್ದು ಈ ಕಾರಣದಿಂದ ನ್ಯಾಯ. ಗೋ ಭಾಷೆಯವರು ಬಿತ್ತದ ಬೀಜದ ವಿಷಯದಲ್ಲಿ ಹಳೆಯ ನಡತೆಯನ್ನು ಮುರಿದುದೂ ನ್ಯಾಯ. ಯಾದೃಚ್ಛಿಕವೆಂದು ಹೆಸರಿಟ್ಟುಕೊಂಡು ದಿನವೂ 81ನ್ನೇ ಕೊಡುವುದು ಸುಳ್ಳಿಗೆ ಬಹಳ ಹತ್ತಿರದ್ದು. ಆದರೆ ದೋಷವು ನಿಧಾನ, ತೊಡಕು, ಸಂಕುಚಿತತೆ ಇಂತಹುದಾದರೆ, ಹೊಸದನ್ನು ಹೊಸ ಹೆಸರಿನಲ್ಲಿ ಕಟ್ಟಿ ಹಳೆಯದನ್ನು ಮುಟ್ಟದೆ ಬಿಡಬೇಕು. ಅಲ್ಲಿ ಹಳೆಯ ಸಾಲನ್ನೇ ಕೆಡಿಸುವುದು, ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ. ಎರಡು ಸಂದರ್ಭಗಳಲ್ಲಿಯೂ ಬಿಡಬಾರದ ನಿಯಮವೊಂದಿದೆ: ಬದಲಾವಣೆಯನ್ನು ಡಂಗುರ ಹೊಡೆದು ಸಾರಬೇಕು, ಹಳೆಯ ಸಾಲನ್ನು ಮತ್ತೆ ಪಡೆಯುವ ದಾರಿಯನ್ನು ತೆರೆದಿಡಬೇಕು. ಸದ್ದಿಲ್ಲದೆ ತಿದ್ದುವವನು ಎಷ್ಟೇ ಒಳ್ಳೆಯದನ್ನು ಮಾಡಿದ್ದರೂ ನಂಬಿದವರ ಕಾಲಕೆಳಗಿನ ಹಲಗೆಯನ್ನು ಎಳೆದಂತೆಯೇ.

ಇದು ನಮಗೆ ಅಪರಿಚಿತವಾದ ನೀತಿಯಲ್ಲ. ವಿಶ್ವವಿದ್ಯಾನಿಲಯ ಪಠ್ಯಕ್ರಮವನ್ನು ಬದಲಾಯಿಸಿದಾಗ, ಹಳೆಯ ಸ್ಕೀಮಿನಲ್ಲಿ ಸೇರಿದವರಿಗೆ ಕೆಲವು ಕಾಲ ಹಳೆಯ ಸ್ಕೀಮಿನ ಪ್ರಶ್ನಪತ್ರಿಕೆಯನ್ನೇ ಕೊಡುವುದುಂಟು. ಓದಿದ್ದೊಂದು, ಕೇಳಿದ್ದೊಂದು ಆಗಬಾರದೆಂಬುದೇ ಅದರ ಅರ್ಥ. ಪಠ್ಯಕ್ರಮ ಬದಲಾಗಲೇಬಾರದೆಂದು ಯಾವ ವಿದ್ಯಾರ್ಥಿಯೂ ಹಟ ಹಿಡಿಯುವುದಿಲ್ಲ. ಹೇಳದೆ ಬದಲಾಯಿಸಿದರೆ ಮಾತ್ರ ಸುಮ್ಮನಿರುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಹಳೆಯದೂ ಇರಲಿ ಹೊಸದೂ ಇರಲಿ ಎನ್ನುತ್ತ ಹೋದರೆ ಮನೆಯೆಲ್ಲ ಅಟ್ಟದ ಸಾಮಾನಿನಂತೆ ತುಂಬಿಹೋಗುವುದಿಲ್ಲವೆ ಎಂಬುದು ಒಂದು. ಇದರಲ್ಲಿ ಹುರುಳಿದೆ. ನಂಪೈಯ ಹಳೆಯ ಕ್ರಮ ಇಂದಿಗೂ ಅನೇಕ ಪಾಠಗಳಲ್ಲಿ ಉಳಿದುಕೊಂಡಿದೆ. ಹೊಸಬರು ಅದನ್ನೇ ಕಲಿಯುತ್ತಾರೆ. ಆದರೆ ಅಟ್ಟದ ಮೇಲಿನ ಪೆಟ್ಟಿಗೆಗೆ ‘ಹಳೆಯದು’ ಎಂದು ಚೀಟಿ ಅಂಟಿಸಿ, ಹೊಸದನ್ನು ನಡುಮನೆಯಲ್ಲಿಟ್ಟರೆ ಕಾಲಕ್ರಮದಲ್ಲಿ ಕೈ ತಾನಾಗಿಯೇ ಹೊಸದರ ಕಡೆಗೆ ಹೋಗುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಬಲವಾದುದು. ಬೀಜ ಬದಲಾದೊಡನೆ ತೀರ್ಮಾನವೂ ಬದಲಾಗುವುದಾದರೆ ಆ ತೀರ್ಮಾನಕ್ಕೆ ಬೆಲೆಯೇನು? ಬೇರೆ 12 ಹಳ್ಳಿಗಳು ಬಂದರೆ ರೈತರ ಸಾಲದ ಕಥೆ ತಲೆಕೆಳಗಾಗುವುದೆಂದಾದರೆ ಪ್ರಬಂಧವೇ ದುರ್ಬಲವಲ್ಲವೆ? ಈ ಮಾತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ತೀರ್ಮಾನವು ಒಂದು ಸಾಲಿನ ಮೇಲೆ ನಿಂತಿರಬಾರದು. ಆದರೆ ತೀರ್ಮಾನ ಬೇರೆ, ಸಾಕ್ಷ್ಯ ಬೇರೆ. ‘ನನಗೆ ಅನುಕೂಲವಾದ ಹಳ್ಳಿಗಳನ್ನು ನಾನು ಆರಿಸಿಕೊಳ್ಳಲಿಲ್ಲ’ ಎಂದು ಸಿದ್ಧಪಡಿಸಬೇಕಾದಾಗ, ಅದೇ ಬೀಜದಿಂದ ಅದೇ ಹಳ್ಳಿಗಳು ಬರಲೇಬೇಕು. ಸೀಟು ಹಂಚುವಲ್ಲಿ, ನಿವೇಶನ ಹಂಚುವಲ್ಲಿ, ರೋಗಿಗಳಲ್ಲಿ ಯಾರಿಗೆ ಹೊಸ ಮದ್ದು ಯಾರಿಗೆ ಹಳೆಯದು ಎಂದು ಗೊತ್ತುಮಾಡುವಲ್ಲಿ ಕಂಪ್ಯೂಟರು ಚೀಟಿ ಎತ್ತಿದರೆ, ಬಾರದೆ ಹೋದವನು ಬಂದು ಕೇಳುವ ಪ್ರಶ್ನೆಯೂ ಇದೇ: ‘ಮತ್ತೊಮ್ಮೆ ಎತ್ತಿ ತೋರಿಸಿ, ಅದೇ ಬರುತ್ತದೆಯೋ ನೋಡೋಣ.’ ಆಗ ‘ಆವೃತ್ತಿ ಬದಲಾಗಿದೆ, ತೋರಿಸಲಾಗುವುದಿಲ್ಲ’ ಎಂದರೆ ಅವನು ನಂಬುವನೆ? ನಂಬಬೇಕೆಂದು ಹೇಳಲು ನಮಗೆ ಯಾವ ಅಧಿಕಾರವಿದೆ?

ಹೀಗಿರಲಾಗಿ, ದೂರದ ದೇಶದ ಕೆಲವು ಕರ್ತೃಗಳು ಒಂದು ಭಾಷೆಯ ಮೂಲೆಯಲ್ಲಿ ಏನೋ ತಿದ್ದಿದರೆ ನಮಗೇನೆಂದು ಸುಮ್ಮನಿರಲಾಗದು. ತಿದ್ದುವವರ ಕರ್ತವ್ಯವನ್ನು ಮೇಲೆ ಹೇಳಿದೆನಷ್ಟೆ. ಬಳಸುವವರಾದ ನಮಗೂ ಒಂದು ಕರ್ತವ್ಯವಿದೆ. ಪ್ರಬಂಧ ಬರೆಯುವ ವಿದ್ಯಾರ್ಥಿಮಿತ್ರರು ಬೀಜವನ್ನು ಮಾತ್ರ ಬರೆದು ತೃಪ್ತರಾಗದೆ, ಭಾಷೆಯ ಹೆಸರು, ಆವೃತ್ತಿಯ ಸಂಖ್ಯೆ, ಸಂಖ್ಯೆ ಹುಟ್ಟಿಸಿದ ಕ್ರಮದ ಹೆಸರು ಈ ಮೂರನ್ನೂ ಬರೆಯಬೇಕು. ಆರಿಸಿ ಬಂದ ಪಟ್ಟಿಯನ್ನೂ ಪ್ರಬಂಧದ ಕೊನೆಯಲ್ಲಿ ಲಗತ್ತಿಸಬೇಕು. ಅಧ್ಯಾಪಕವರ್ಗದವರು ಇದನ್ನು ಕೇಳಿ ಪಡೆಯುವ ಪದ್ಧತಿಯಿಟ್ಟರೆ ಇನ್ನೂ ಒಳ್ಳೆಯದು. ಒಂದು ಸಾಲು ಬರೆಯುವ ಶ್ರಮ. ಹತ್ತು ವರ್ಷಗಳ ಅನಂತರ ಆ ಪ್ರಬಂಧವನ್ನು ಕೈಗೆತ್ತಿಕೊಳ್ಳುವ ಅಪರಿಚಿತ ವಿದ್ಯಾರ್ಥಿಯೊಬ್ಬ, ನಾವು ನಡೆದ ದಾರಿಯಲ್ಲಿ ತಾನೂ ನಡೆದು ನೋಡಬಲ್ಲ. ರೈತನು ಬೀಜದ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳುವುದಿಲ್ಲ. ಯಾವ ಹೊಲ, ಯಾವ ಮಳೆ ಎಂಬುದನ್ನೂ ನೆನಪಿಟ್ಟುಕೊಳ್ಳುತ್ತಾನೆ. ನಾವೂ ಅಷ್ಟು ಮಾಡಿದರೆ ಸಾಕು.